ಹುಲ್ಲಿನ ಜೊತೆ ಲಾರಿ ಹತ್ತಿ ಹೋದ ಪೊಟ್ಯಾಷ್: ಕಾರಟಗಿ ಕಡೆಯ ಒಂದು ಭತ್ತದ ಹೊಲದ ಪ್ರಕರಣ

ನಮ್ಮ ಕಡೆ ಹುಲ್ಲು ಮಾರುವಾಗ ಎಲ್ಲರೂ ರೊಕ್ಕ ಎಣಿಸುತ್ತಾರೆ. ಅದರ ಜೊತೆ ಹೊಲದ ಪೊಟ್ಯಾಷ್ (ಬೆಳೆಗೆ ಬೇಕಾದ ಒಂದು ಮುಖ್ಯ ಪೋಷಕಾಂಶ) ಕೂಡ ಹೋಗುತ್ತಿದೆ ಅನ್ನುವ ಲೆಕ್ಕ ಯಾರೂ ಹಿಡಿಯುವುದಿಲ್ಲ. ಆ ಲೆಕ್ಕ ತಪ್ಪಿ ತೊಂದರೆಗೆ ಬಂದು, ಆಮೇಲೆ ಸರಿ ಮಾಡಿಕೊಂಡ ಒಬ್ಬ ರೈತರ ವಿಷಯ ಇದು. ಊರು ಗಂಗಾವತಿ ಮತ್ತು ಕಾರಟಗಿ ನಡುವೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಕೆಳಗೆ ಬರುತ್ತದೆ. ಹೆಸರು ಹೇಳುತ್ತಿಲ್ಲ. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು, ಇಲ್ಲೂ ಹಾಗೇ ಬರೆಯುತ್ತೇನೆ. ಮಣ್ಣು ಪರೀಕ್ಷೆ, ಗೊಬ್ಬರದ ಲೆಕ್ಕ ಇಂಥದ್ದಕ್ಕೆ ರೈತರ ಜೊತೆ ಓಡಾಡುವುದು ನನ್ನ ಕೆಲಸ. ಆ ದಾರಿಯಲ್ಲೇ ಈ ಹೊಲ ಸಿಕ್ಕಿತು.

ಹಿನ್ನೆಲೆ

ಅಣ್ಣನದು ಸ್ವಂತ ಒಂಬತ್ತು ಎಕರೆ. ಆರು ಎಕರೆ ಎರೆ ಭೂಮಿ, ಅಂದರೆ ಕಪ್ಪು ಜೇಡಿಮಣ್ಣು, ಮೂರು ಎಕರೆ ಮಸಾರಿ, ಅಂದರೆ ಕೆಂಪು ಹಗುರ ಮಣ್ಣು. ಎರಡೂ ಒಂದಕ್ಕೊಂದು ಅಂಟಿಕೊಂಡೇ ಇವೆ, ಮಸಾರಿ ಸ್ವಲ್ಪ ಎತ್ತರದಲ್ಲಿದೆ ಅಷ್ಟೆ. ಪಕ್ಕದಲ್ಲೇ ನಾಲ್ಕು ಎಕರೆ ಲೀಜಿಗೆ ಹಿಡಿದಿದ್ದಾರೆ. ನೀರು ಸಿಕ್ಕ ವರ್ಷ ಎರಡು ಬೆಳೆ ಭತ್ತ, ಹೆಚ್ಚಾಗಿ ಬಿಪಿಟಿ 5204, ಅಂದರೆ ನಮ್ಮ ಕಡೆ ಎಲ್ಲರೂ ಸೋನಾ ಮಸೂರಿ ಅಂತ ಕರೆಯುವ ತಳಿ.

ಮೊದಲು ಆಳು ಹಚ್ಚಿ ಕೊಯ್ಯುತ್ತಿದ್ದಾಗ ಹುಲ್ಲು ಬಣವೆಗೆ ಹೋಗುತ್ತಿತ್ತು, ಎತ್ತು ಎಮ್ಮೆ ತಿನ್ನುತ್ತಿದ್ದವು, ಸಗಣಿ ತಿಪ್ಪೆ ಸೇರಿ ಮತ್ತೆ ಇದೇ ಹೊಲಕ್ಕೆ ಬರುತ್ತಿತ್ತು. ಈಗ ಎತ್ತು ಇಲ್ಲ. ಕೊಯ್ಯುವುದು ಮಷಿನ್. ಅದರ ಹಿಂದೆ ಹುಲ್ಲು ಸಾಲು ಸಾಲಾಗಿ ಬೀಳುತ್ತದೆ. ಬೇಲರ್‌ನವರು ಬಂದು ಕಟ್ಟು ಕಟ್ಟಿ ಲಾರಿಗೆ ಹೇರಿದರೆ ಅದು ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿ ಊರುಗಳ ದನಗಳಿಗೆ ಹೋಗುತ್ತದೆ. ಬೇಲರ್ ಬರದಿದ್ದರೆ ಬೆಂಕಿ. ನಮ್ಮ ಭಾಗದ ಬಹುತೇಕ ಹೊಲಗಳ ಕಥೆ ಇದೇ, ಅಲ್ವಾ?

ಗೊಬ್ಬರದ ಕಡೆಯಿಂದಲೂ ಒಂದು ಬದಲಾವಣೆ ಆಗಿತ್ತು. 2022ರಲ್ಲಿ ಪೊಟ್ಯಾಷ್ ಚೀಲದ ಬೆಲೆ 1700 ರೂಪಾಯಿಗೆ ಏರಿತು. ನಮ್ಮ ದೇಶಕ್ಕೆ ಬೇಕಾದ ಪೊಟ್ಯಾಷ್ ಹೆಚ್ಚುಕಡಿಮೆ ಎಲ್ಲಾ ಹೊರಗಿನಿಂದಲೇ ಬರಬೇಕು. ಬೆಲಾರೂಸ್ ಮೇಲೆ ನಿರ್ಬಂಧ, ರಷ್ಯಾ-ಉಕ್ರೇನ್ ಯುದ್ಧ, ಇವೆಲ್ಲದರ ಬಿಸಿ ನಮ್ಮ ಅಂಗಡಿಗೂ ತಟ್ಟಿತು. ಯೂರಿಯಾ ಚೀಲ ಮುನ್ನೂರು ರೂಪಾಯಿ ಒಳಗೇ ಸಿಗುವಾಗ ಪೊಟ್ಯಾಷ್‌ಗೆ ಅಷ್ಟು ಕೊಡಲು ಯಾರಿಗೆ ಮನಸ್ಸು ಬರುತ್ತದೆ? ಅಣ್ಣ ಅವತ್ತೇ ಪೊಟ್ಯಾಷ್ ಬಿಟ್ಟರು. ಡಿಎಪಿ, ಇಪ್ಪತ್ತು-ಇಪ್ಪತ್ತು (ಎರಡೂ ಸಾರಜನಕ, ರಂಜಕದ ಗೊಬ್ಬರ), ಯೂರಿಯಾ ಹಾಕಿದರು. ಈ ಮೂರರಲ್ಲೂ ಒಂದು ಚೂರು ಪೊಟ್ಯಾಷ್ ಇಲ್ಲ. ಬಿಟ್ಟ ಮೊದಲ ಬೆಳೆಯಲ್ಲಿ ಏನೂ ಗೊತ್ತಾಗಲಿಲ್ಲ. ಎರಡನೇ ಬೆಳೆಯಲ್ಲೂ ಇಲ್ಲ.

ಕಂಡ ತೊಂದರೆ

ಆಮೇಲಿನ ಒಂದು ಮುಂಗಾರಿನಲ್ಲಿ ಮಸಾರಿಯ ಭತ್ತ ಕೈಕೊಡಲು ಶುರುವಾಯಿತು. ತೆನೆ ಹೊರಡುವ ಹೊತ್ತಿಗೆ ಕೆಳಗಿನ ಹಳೆ ಎಲೆಗಳ ತುದಿ ಮತ್ತು ಅಂಚು ಹಳದಿಯಾಗಿ, ಆಮೇಲೆ ಕಂದಾಗಿ ಒಣಗುತ್ತಿತ್ತು. ಜೊತೆಗೆ ಕಂದು ಚುಕ್ಕೆ ರೋಗ. ಇದು ರೋಗ ಅಂತಲೇ ಎರಡು ಸಲ ಔಷಧಿ ಹೊಡೆದರು, ಚುಕ್ಕೆ ಸ್ವಲ್ಪ ನಿಂತಿತು, ಅಂಚು ಸುಡುವುದು ನಿಲ್ಲಲಿಲ್ಲ. ಬೆಳೆ ಹಳದಿ ಕಾಣುತ್ತಿದೆ ಅಂತ ಇನ್ನೊಂದಿಷ್ಟು ಯೂರಿಯಾ ಹಾಕಿದರು. ಕಾಳು ತುಂಬುವಾಗ ಒಂದು ಗಾಳಿಮಳೆ ಬಂತು, ಅರ್ಧ ಹೊಲ ಮಲಗಿಬಿಟ್ಟಿತು. ತೂಕ ಹಾಕಿದಾಗ ಎಕರೆಗೆ 24-25 ಚೀಲ, 75 ಕೆಜಿ ಚೀಲದ ಲೆಕ್ಕದಲ್ಲಿ. ಪಕ್ಕದ ಎರೆಯಲ್ಲಿ 36. ಮಸಾರಿಯಲ್ಲಿ ಜೊಳ್ಳು ಕೂಡ ಜಾಸ್ತಿ.

ನಾನು ಹೊಲಕ್ಕೆ ಹೋದದ್ದು ಬೆಳೆ ಮಲಗುವುದಕ್ಕೆ ಸ್ವಲ್ಪ ಮೊದಲು. ಒಂದು ಬುಡ ಹಿಡಿದು ಎಲೆ ಎಲೆ ಬಿಡಿಸಿ ನೋಡಿದೆವು. ಮೇಲಿನ ಎಲೆ ಹಸಿರು. ಕೆಳಗಿನ ಎಲೆಯ ನಡುನರ ಇನ್ನೂ ಹಸಿರಾಗಿದ್ದು ಎರಡು ಅಂಚು ಮಾತ್ರ ತುದಿಯಿಂದ ಬುಡದ ಕಡೆಗೆ ಸುಟ್ಟುಕೊಂಡು ಬಂದಿದ್ದವು. ಸಾರಜನಕ (ಯೂರಿಯಾದಿಂದ ಸಿಗುವುದು ಇದೇ) ಕಡಿಮೆಯಾದರೆ ಹಳೆ ಎಲೆ ಇಡಿಯಾಗಿ ತಿಳಿಹಳದಿ ಆಗುತ್ತದೆ, ಹೀಗೆ ಅಂಚು ಕಟ್ಟುವುದಿಲ್ಲ. ಪೊಟ್ಯಾಷ್ ಕಡಿಮೆಯಾದಾಗ ಗಿಡ ಹಳೆ ಎಲೆಯಿಂದ ತೆಗೆದು ಹೊಸ ಎಲೆಗೆ ಕೊಡುತ್ತದೆ, ಅದಕ್ಕೇ ಸುಡುವುದು ಕೆಳಗಿನಿಂದ. ಕಾಂಡ ಗಟ್ಟಿಯಾಗುವುದಿಲ್ಲ, ಗಾಳಿಗೆ ಬೀಳುತ್ತದೆ, ಕಂದು ಚುಕ್ಕೆಯಂಥ ರೋಗಕ್ಕೂ ಬೇಗ ಸಿಗುತ್ತದೆ. ಮೇಲೆ ಯೂರಿಯಾ ಹೆಚ್ಚಾದರೆ ಇನ್ನೂ ಕಷ್ಟ.

ಆದರೂ ಎಲೆ ನೋಡಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಗಟ್ಟಿ ಮಾಡಿದ್ದು ಅಣ್ಣನ ಹೆಂಡತಿ. "ಎಲ್ಲಾ ಕಡೆ ಹಿಂಗಿಲ್ರಿ. ನಾವು ಕಳೆ ತೆಗಿಯುವಾಗಿಂದ ನೋಡೀವಿ, ಪಟ್ಟಿ ಪಟ್ಟಿ ಹಸಿರೈತಿ, ಬದುವಿನ ಮ್ಯಾಲೆ ನಿಂತು ನೋಡ್ರಿ" ಅಂದರು ಅಕ್ಕ. ನಿಂತು ನೋಡಿದರೆ ನಿಜ. ಮಸಾರಿಯ ಒಂದು ಮಡಿಯಲ್ಲಿ ಒಂದೇ ಅಂತರಕ್ಕೆ ಉದ್ದುದ್ದ ಹಸಿರು ಪಟ್ಟೆಗಳಿದ್ದವು, ನಡುವೆ ಎಲ್ಲಾ ಹಳದಿ. ಅಂತರ ಎಷ್ಟಿತ್ತು ಅಂದರೆ ಸರಿಯಾಗಿ ಮಷಿನ್ ಒಂದು ಸಲ ಕೊಯ್ದು ಹೋಗುವಷ್ಟು ಅಗಲ. ಹಿಂದಿನ ಬೆಳೆ ಕೊಯ್ದಾಗ ಬೇಲರ್ ಬರಲಿಲ್ಲ, ಆ ಮಡಿಯಲ್ಲಿ ಹುಲ್ಲಿನ ಸಾಲಿಗೇ ಬೆಂಕಿ ಹಾಕಿದ್ದೆವು ಅಂತ ಆಗ ನೆನಪು ಮಾಡಿಕೊಂಡರು. ಬೂದಿ ಬಿದ್ದ ಸಾಲು ಹಸಿರು, ಹುಲ್ಲು ಬೀಳದ ಜಾಗ ಹಳದಿ. ಕೆಸರು ಮಾಡುವಾಗ ಕಲಸಿ ಹೋಗಬೇಕಿತ್ತು, ಪೂರ್ತಿ ಹೋಗಿರಲಿಲ್ಲ.

ಕೊಯ್ಲಾದ ಮೇಲೆ ಮಣ್ಣು ತೆಗೆದೆವು. ಎರೆ ಬೇರೆ, ಮಸಾರಿ ಬೇರೆ. ಇದು ಬಹಳ ಮುಖ್ಯ, ಯಾಕೆಂದರೆ ಅಣ್ಣ ಮೊದಲೊಮ್ಮೆ ಮಾಡಿಸಿದ್ದ ಪರೀಕ್ಷೆಯಲ್ಲಿ ಒಂಬತ್ತು ಎಕರೆಯ ಮಣ್ಣನ್ನು ಒಟ್ಟಿಗೆ ಕಲಸಿ ಒಂದೇ ಚೀಲ ಕೊಟ್ಟಿದ್ದರು, ಆಗ ವರದಿ "ಪೊಟ್ಯಾಷ್ ಸಾಕಷ್ಟಿದೆ" ಅಂತಲೇ ಬಂದಿತ್ತು. ಈ ಸಲ ಎರೆಯಲ್ಲಿ ಹೆಕ್ಟೇರಿಗೆ 400 ಕೆಜಿ ಮೇಲೆ, ಮಸಾರಿಯಲ್ಲಿ 120ರ ಆಸುಪಾಸು. ಸುಮಾರು 145ಕ್ಕಿಂತ ಕೆಳಗಿದ್ದರೆ ಕಡಿಮೆ, 340 ದಾಟಿದರೆ ಜಾಸ್ತಿ ಅಂತ ಲೆಕ್ಕ. ಎರೆ ಮಣ್ಣಿನ ಜೇಡಿಯಲ್ಲಿ ಪೊಟ್ಯಾಷ್ ಹಿಡಿದಿಟ್ಟುಕೊಳ್ಳುವ ಶಕ್ತಿ ಇದೆ, ಮಸಾರಿಗೆ ಅಷ್ಟಿಲ್ಲ. ಒಂದೇ ಮಾಲೀಕ, ಒಂದೇ ಕಾಲುವೆ, ಒಂದೇ ತಳಿ. ಮಣ್ಣು ಮಾತ್ರ ಎರಡು.

ಹುಲ್ಲಿನ ಲೆಕ್ಕ

ಅಣ್ಣನ ಜೊತೆ ಕೂತು ಕಾಗದದ ಮೇಲೆ ಲೆಕ್ಕ ಹಾಕಿದೆವು. ಭತ್ತದ ಗಿಡ ತೆಗೆದುಕೊಂಡ ಪೊಟ್ಯಾಷ್‌ನಲ್ಲಿ ಕಾಳಿಗೆ ಹೋಗುವುದು ಸ್ವಲ್ಪ. ನೂರಕ್ಕೆ ಎಂಬತ್ತರಷ್ಟು ಹುಲ್ಲಿನಲ್ಲೇ ಉಳಿಯುತ್ತದೆ. ಒಂದು ಟನ್ ಒಣ ಹುಲ್ಲಿನಲ್ಲಿ ಗೊಬ್ಬರದ ಲೆಕ್ಕಕ್ಕೆ ಸುಮಾರು 14ರಿಂದ 20 ಕೆಜಿ ಪೊಟ್ಯಾಷ್ ಇರುತ್ತದೆ, ಸಾರಜನಕ 5ರಿಂದ 8 ಕೆಜಿ. ಬೇಲರ್‌ನವರು ಎಕರೆಗೆ ಒಂದೂವರೆ ಟನ್ ಕಟ್ಟಿಕೊಂಡು ಹೋದರು ಅಂದುಕೊಳ್ಳಿ, ಇಪ್ಪತ್ತರಿಂದ ಮೂವತ್ತು ಕೆಜಿ ಪೊಟ್ಯಾಷ್ ಹೋಯಿತು. ಅಂಗಡಿಯ 50 ಕೆಜಿ ಕೆಂಪು ಪೊಟ್ಯಾಷ್ ಚೀಲದಲ್ಲಿ ಇರುವುದೇ 30 ಕೆಜಿ. ಅಂದರೆ ಒಂದೊಂದು ಬೆಳೆಗೂ ಎಕರೆಗೆ ಒಂದು ಚೀಲದ ಹತ್ತಿರ ಹತ್ತಿರ ಲಾರಿ ಹತ್ತುತ್ತಿತ್ತು. ತುಂಗಭದ್ರಾ ಅಚ್ಚುಕಟ್ಟಿನ ಭತ್ತಕ್ಕೆ ಶಿಫಾರಸು ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಷ್ 150:75:75 ಕೆಜಿ, ಎಕರೆಗೆ ಪೊಟ್ಯಾಷ್ 30 ಕೆಜಿ, ಅದೂ ಒಂದೇ ಚೀಲ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹುಲ್ಲಿಗೆ ಅವ್ರು ಕೊಡೋದು ಒಂದ್ ಚೀಲ ಪೊಟ್ಯಾಷ್‌ನ ರೇಟೂ ಆಗಂಗಿಲ್ಲಲ್ರಿ" ಅಂದರು. ಆ ಮಾತಿನ ಮೇಲೆ ಮುಂದಿನದೆಲ್ಲಾ ನಡೆಯಿತು.

ಹಾಗಿದ್ದರೆ ಸುಟ್ಟರೆ ಪೊಟ್ಯಾಷ್ ಬೂದಿಯಲ್ಲೇ ಇರುತ್ತಲ್ಲಾ ಅಂತ ಅವರ ಮಗ ಕೇಳಿದ. ಪ್ರಶ್ನೆ ಸರಿಯಾದದ್ದೇ. ಐದರಲ್ಲಿ ನಾಲ್ಕು ಪಾಲು ಪೊಟ್ಯಾಷ್ ಉಳಿಯುತ್ತದೆ. ಸಾರಜನಕ ಮಾತ್ರ ಹೆಚ್ಚುಕಡಿಮೆ ಎಲ್ಲಾ ಹೊಗೆಯಾಗುತ್ತದೆ. ಉಳಿದ ಪೊಟ್ಯಾಷ್ ಕೂಡ ಸಾಲಿನಲ್ಲೇ ಬೀಳುತ್ತದೆ, ಗಾಳಿ ಒಂದಿಷ್ಟು ಒಯ್ಯುತ್ತದೆ, ಮೊದಲ ನೀರಿಗೆ ಒಂದಿಷ್ಟು ಹರಿದು ಹೋಗುತ್ತದೆ. ಅವರ ಮಡಿಯ ಪಟ್ಟೆಗಳೇ ಸಾಕ್ಷಿ ಇದ್ದವು, ಹೆಚ್ಚು ಹೇಳಬೇಕಾಗಲಿಲ್ಲ. ಹೊಗೆಯ ವಿಷಯ ಬೇರೆ. ಕೊಯ್ಲಿನ ಕಾಲದಲ್ಲಿ ಸಂಜೆ ರಸ್ತೆ ಕಾಣದ ಹಾಗೆ ಆಗುವುದು, ಮಕ್ಕಳು ಕೆಮ್ಮುವುದು, ಇದನ್ನೆಲ್ಲಾ ನೋಡಿಯೂ ಬೆಂಕಿ ಹಾಕುವುದು ನನಗೆ ಬಹಳ ನೋವು ತರುತ್ತದೆ.

ಮೊದಲ ಪ್ರಯತ್ನ

ಮುಂಗಾರಿನ ಕೊಯ್ಲು ಮುಗಿದು ಬೇಸಿಗೆ ಬೆಳೆಗೆ ನೀರು ಇತ್ತು. ಮಸಾರಿಯ ಹುಲ್ಲು ಮಾತಾಡಿದ ಹಾಗೆ ಬೇಲರ್‌ಗೆ ಹೋಗಿತ್ತು, ಅದಕ್ಕೆ ಅಲ್ಲಿ ಎಕರೆಗೆ ಒಂದು ಚೀಲ ಪೊಟ್ಯಾಷ್ ಹಾಕುವುದು ಅಂತ ತೀರ್ಮಾನ. ಅರ್ಧ ನಾಟಿ ಹೊತ್ತಿಗೆ, ಅರ್ಧ ತೆನೆ ಕಟ್ಟುವ ಹೊತ್ತಿಗೆ. ಮಸಾರಿಯಲ್ಲಿ ನೀರಿನ ಜೊತೆ ಇಳಿದು ಹೋಗುವುದು ಜಾಸ್ತಿ, ಒಟ್ಟಿಗೆ ಸುರಿಯಬಾರದು. ಒಂದು ಪಟ್ಟಿಗೆ ಪೊಟ್ಯಾಷ್ ಇಲ್ಲದೆ ಬಿಟ್ಟು ನಾಲ್ಕು ಮೂಲೆಗೆ ಕಟ್ಟಿಗೆ ನೆಟ್ಟೆವು.

ಹುಲ್ಲು ಕೂಡಿಸುವುದನ್ನು, ಅಂದರೆ ಮಾರದೆ ಸುಡದೆ ಮಣ್ಣಿಗೇ ಕಲಸುವುದನ್ನು, ಎರೆಯ ಒಂದು ಎಕರೆಯಲ್ಲಿ ಮಾತ್ರ ನೋಡೋಣ ಅಂದುಕೊಂಡರು. ಇಲ್ಲಿ ಕೆಟ್ಟಿತು. ಕೊಯ್ಲಿಗೂ ನಾಟಿಗೂ ನಡುವೆ ದಿನಗಳೇ ಇರಲಿಲ್ಲ. ಸಸಿ ಮಡಿ ರೆಡಿ, ಕಾಲುವೆಗೆ ನೀರು ಬಂತು, ಆಳು ಸಿಕ್ಕರು. ನೀರು ನಿಲ್ಲಿಸಿ ಹುಲ್ಲನ್ನು ರೋಟಾವೇಟರ್‌ನಲ್ಲಿ ಕಲಸಿ ಹತ್ತು ಹನ್ನೆರಡು ದಿನಕ್ಕೇ ನಾಟಿ ಹಚ್ಚಿದರು. ಎರಡು ವಾರಕ್ಕೆ ಸಸಿ ಹಳದಿಯಾಗಿ ನಿಂತುಬಿಟ್ಟವು, ತೆಂಡೆ (ಬುಡದಿಂದ ಬರುವ ಮರಿ) ಹೊಡೆಯಲಿಲ್ಲ. ಗದ್ದೆಗೆ ಕಾಲಿಟ್ಟರೆ ಗುಳ್ಳೆ ಏಳುತ್ತಿದ್ದವು, ಕೊಳೆತ ಮೊಟ್ಟೆಯ ವಾಸನೆ. ಒಂದು ಸಸಿ ಕಿತ್ತು ತೊಳೆದು ನೋಡಿದರೆ ಬೇರು ಬಿಳಿ ಇರಬೇಕಾದ ಕಡೆ ಕಪ್ಪಾಗಿತ್ತು.

ಕಾರಣ ಎರಡು. ಹುಲ್ಲು ಕೊಳೆಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು, ಅವು ಮಣ್ಣಿನದನ್ನೇ ತೆಗೆದುಕೊಳ್ಳುತ್ತವೆ, ಸಸಿಗೆ ಕೊರತೆ ಬೀಳುತ್ತದೆ. ಇನ್ನೊಂದು, ಹಸಿ ಹುಲ್ಲು ನಿಂತ ನೀರಿನ ಕೆಳಗೆ ಗಾಳಿ ಇಲ್ಲದೆ ಕೊಳೆತಾಗ ಬೇರಿಗೆ ವಿಷವಾಗುವ ಅನಿಲ, ಆಮ್ಲ ಹುಟ್ಟುತ್ತವೆ. ಮೂರ್ನಾಲ್ಕು ದಿನ ನೀರು ಬಸಿದು, ಮಣ್ಣಿಗೆ ಗಾಳಿ ಆಡಿಸಿ, ಸ್ವಲ್ಪ ಯೂರಿಯಾ ಕೊಟ್ಟ ಮೇಲೆ ಚೇತರಿಸಿಕೊಂಡಿತು. ಇಳುವರಿ ಬಂತು, ಆದರೆ ಪಕ್ಕದ ಎರೆಗಿಂತ ಕಡಿಮೆ, ಕೊಯ್ಲಿಗೂ ಹಿಂದೆ ಬಿತ್ತು.

ನೀರು ಬಸಿಯುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಗದ್ದೆಯ ಬಾಯಿ ಬಿಚ್ಚಿದ ಕೂಡಲೇ ಹೊರಗೆ ಹರಿದ ನೀರು ಚಹಾದ ಡಿಕಾಕ್ಷನ್ ಹಾಗೆ ಕಂದಾಗಿತ್ತು. ಹುಲ್ಲಿನಲ್ಲಿರುವ ಪೊಟ್ಯಾಷ್ ಕೊಳೆಯುವ ತನಕ ಕಾಯುವುದಿಲ್ಲ, ಅದು ನೀರಿನಲ್ಲಿ ಕರಗುವ ರೂಪದಲ್ಲೇ ಇರುತ್ತದೆ, ನೆನೆದ ಕೆಲವೇ ದಿನದಲ್ಲಿ ಬಿಟ್ಟುಕೊಡುತ್ತದೆ. ಹಾಗಾಗಿ ಆ ಕಂದು ನೀರಿನ ಜೊತೆ ನಾವು ಉಳಿಸಬೇಕು ಅಂದುಕೊಂಡ ಪೊಟ್ಯಾಷ್‌ನಲ್ಲಿ ಒಂದು ಪಾಲು ಹಳ್ಳದ ಕಡೆ ಹೊರಟಿತ್ತು. ಸಸಿ ಉಳಿಸಲು ಬೇರೆ ದಾರಿ ಇರಲಿಲ್ಲ. ಮುಂದೆ ಹುಲ್ಲು ಕೂಡಿಸಿದ ಗದ್ದೆಯ ಮೊದಲ ನೀರು ಹೊರಗೆ ಬಿಡಬಾರದು ಅನ್ನುವುದು ಅಲ್ಲೇ ಗೊತ್ತಾಯಿತು.

ಇದೇ ಕಾರಣಕ್ಕೆ ಇನ್ನೊಂದು ಮಾತು. ಕೊಯ್ದ ಹುಲ್ಲು ಹೊಲದಲ್ಲೇ ಒಂದು ಒಳ್ಳೆ ಮಳೆಗೆ ನೆನೆದರೆ ದನಕ್ಕೆ ರುಚಿ ಕೆಡುತ್ತದೆ ಅಂತ ನಾವು ಬೇಜಾರು ಮಾಡಿಕೊಳ್ಳುತ್ತೇವೆ, ಆದರೆ ಹೊಲಕ್ಕೆ ಅದು ಲಾಭ. ಪೊಟ್ಯಾಷ್ ಇಳಿದು ಮಣ್ಣಿಗೆ ಸೇರಿರುತ್ತದೆ, ಆಮೇಲೆ ಹುಲ್ಲು ಮಾರಿದರೂ ನಷ್ಟ ಅಷ್ಟಿಲ್ಲ.

ಅಷ್ಟಾದ ಮೇಲೆ ಅಣ್ಣ ಹುಲ್ಲು ಕೂಡಿಸುವ ಮಾತೇ ಬೇಡ ಅಂದರು. ಊರಲ್ಲೂ ನಕ್ಕಿದ್ದರು. ಅವರ ಮನಸ್ಸು ತಿರುಗಿಸಿದ್ದು ಮಸಾರಿ. ಬೇಸಿಗೆ ಬೆಳೆಯಲ್ಲಿ ಪೊಟ್ಯಾಷ್ ಹಾಕಿದ ಕಡೆ ಎಲೆ ಅಂಚು ಸುಡಲಿಲ್ಲ, ಕಟ್ಟಿಗೆ ನೆಟ್ಟು ಬಿಟ್ಟಿದ್ದ ಪಟ್ಟಿಯಲ್ಲಿ ಮಾತ್ರ ಮತ್ತೆ ಅದೇ ಕಂದು ಅಂಚು. ದಾರಿಯಲ್ಲಿ ಹೋಗುವವರಿಗೂ ಕಾಣುತ್ತಿತ್ತು. ರೋಗ ಅಲ್ಲ, ಹಸಿವು ಅಂತ ಮನೆಯವರಿಗೆಲ್ಲಾ ನಂಬಿಕೆ ಬಂತು.

ಎರಡನೇ ಸಲ

ಹುಲ್ಲು ಕೂಡಿಸುವುದಕ್ಕೆ ಸರಿಯಾದ ಕಾಲ ಯಾವುದು? ಬೇಸಿಗೆ ಬೆಳೆ ಏಪ್ರಿಲ್ ಕೊನೆಗೆ ಕೊಯ್ಲು. ಮುಂಗಾರು ನಾಟಿ ಜುಲೈ ಮುಗಿಯುವ ಹೊತ್ತಿಗೆ. ನಡುವೆ ಕಾಲುವೆ ಬಂದ್, ಹೊಲ ಖಾಲಿ, ಅಡ್ಡಮಳೆ ಒಂದೆರಡು ಬರುತ್ತವೆ. ಮುಂಗಾರಿನ ಹುಲ್ಲು ಬೇಕಾದರೆ ಮಾರಲಿ, ಬೇಸಿಗೆ ಹುಲ್ಲು ಹೊಲದಲ್ಲೇ ಇರಲಿ. ಈ ಒಂದು ತೀರ್ಮಾನವೇ ಇಡೀ ಪ್ರಕರಣದ ತಿರುವು ಅಂತ ನನ್ನ ಅನಿಸಿಕೆ.

ಮಸಾರಿ ಮೂರೂ ಎಕರೆ, ಎರೆಯ ಎರಡು ಎಕರೆಗೆ ಹೀಗೆ ಮಾಡಿದರು. ಮಷಿನ್‌ನವರಿಗೆ ಬುಡಕ್ಕೆ ಕೊಯ್ಯಲು ಹೇಳಿದರು. ಅವರ ಮಷಿನ್‌ಗೆ ಹುಲ್ಲು ಕತ್ತರಿಸಿ ಹರಡುವ ಸಾಮಾನು ಇರಲಿಲ್ಲ, ಆಳು ಹಚ್ಚಿ ಸಾಲು ಹರಡಿಸಬೇಕಾಯಿತು. ಬಿಸಿಲಿಗೆ ಈ ಕೆಲಸ ಯಾರಿಗೂ ಬೇಡ, ಕೂಲಿ ಜಾಸ್ತಿ ಕೊಟ್ಟರು. ಮೇ ತಿಂಗಳ ಮಳೆ ಬಿದ್ದು ಮಣ್ಣು ಹದಕ್ಕೆ ಬಂದ ಮೇಲೆ ಎಕರೆಗೆ 20 ಕೆಜಿ ಯೂರಿಯಾ ಚೆಲ್ಲಿ ಎರಡು ಸಲ ರೋಟಾವೇಟರ್ ಹೊಡೆದರು. ನೀರು ನಿಲ್ಲಿಸದೆ ಹದ ಮಣ್ಣಿನಲ್ಲಿ ಕೊಳೆತದ್ದರಿಂದ ವಾಸನೆ, ಗುಳ್ಳೆ ಯಾವುದೂ ಇಲ್ಲ. ಕೊಳೆಸುವ ಪುಡಿ ತರಲೇ ಅಂತ ಅಣ್ಣ ಕೇಳಿದ್ದರು. ಎರಡು ತಿಂಗಳು ಸಮಯ ಇದ್ದಾಗ, ತೇವ ಇದ್ದಾಗ ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ಕೆಸರು ಮಾಡುವಾಗ ಗದ್ದೆಯ ಬಾಯಿಗೆಲ್ಲಾ ಮಣ್ಣು ಕಟ್ಟಿ ಒಂದು ಹನಿ ಹೊರಗೆ ಬಿಡಲಿಲ್ಲ.

ಪೊಟ್ಯಾಷ್ ಮಸಾರಿಗೆ ಅರ್ಧ ಚೀಲ ಮಾತ್ರ, ಅದೂ ತೆನೆ ಕಟ್ಟುವ ಹೊತ್ತಿಗೆ, ಯಾಕೆಂದರೆ ಮೊದಲ ದಿನಗಳಿಗೆ ಹುಲ್ಲು ಬಿಟ್ಟದ್ದು ಸಾಕು. ಒಂದು ಪಟ್ಟಿಗೆ ಪೂರ್ತಿ ಚೀಲ, ಇನ್ನೊಂದಕ್ಕೆ ಏನೂ ಇಲ್ಲ. ಎರೆಗೆ ಪೂರ್ತಿ ಬಿಟ್ಟು ಒಂದು ಪಟ್ಟಿಗೆ ಮಾತ್ರ ಹಾಕಿ ನೋಡಿದರು.

ಏನಾಯಿತು

ಮಸಾರಿಯಲ್ಲಿ ಅರ್ಧ ಚೀಲದ ಕಡೆ ಎಕರೆಗೆ 31 ಚೀಲ ಭತ್ತ, ಪೂರ್ತಿ ಚೀಲದ ಕಡೆ 32, ಹುಲ್ಲು ಮಾತ್ರ ಇದ್ದ ಪಟ್ಟಿಯಲ್ಲಿ 27-28. ಎರೆಯಲ್ಲಿ ಪೊಟ್ಯಾಷ್ ಹಾಕಿದ್ದಕ್ಕೂ ಬಿಟ್ಟದ್ದಕ್ಕೂ ಒಂದು ಚೀಲದ ವ್ಯತ್ಯಾಸವೂ ಬರಲಿಲ್ಲ. ಅಕ್ಟೋಬರ್‌ನಲ್ಲಿ ಗಾಳಿಮಳೆ ಈ ಸಲವೂ ಬಂತು. ಮಸಾರಿ ಭತ್ತ ಬಾಗಿತು, ಮಲಗಲಿಲ್ಲ. ಹಸಿರು ಪಟ್ಟೆಗಳು ಕಾಣಲಿಲ್ಲ, ಹುಲ್ಲು ಹರಡಿದ್ದರಿಂದ ಮಡಿ ಎಲ್ಲಾ ಒಂದೇ ಬಣ್ಣ.

ಊರಲ್ಲಿ ಈಗ "ಹುಲ್ಲು ಕೂಡಿಸಿದ್ದಕ್ಕೆ ಬೆಳೆ ಬಂತು" ಅನ್ನುವ ಮಾತಿದೆ. ನಾನು ಅಷ್ಟು ಹೇಳುವುದಿಲ್ಲ. ಹುಲ್ಲಿನ ಜೊತೆ ಪೊಟ್ಯಾಷ್ ಹಾಕಿದಲ್ಲಿ ಮಾತ್ರ ಇಳುವರಿ 30 ದಾಟಿತು. ಮಸಾರಿಯಂಥ ಹಸಿದ ಮಣ್ಣಲ್ಲಿ ಬೆಳೆದ ಹುಲ್ಲಿನಲ್ಲಿ ಪೊಟ್ಯಾಷ್ ಮೊದಲೇ ಕಡಿಮೆ ಇರುತ್ತದೆ, ಇಷ್ಟು ವರ್ಷದ ಬಾಕಿಯನ್ನು ಅದೊಂದೇ ತೀರಿಸಲಾರದು. ಹುಲ್ಲು ಮಾಡಿದ್ದು ಏನೆಂದರೆ, ಒಂದು ಚೀಲ ಹಾಕಬೇಕಾದ ಕಡೆ ಅರ್ಧ ಚೀಲದಲ್ಲಿ ಕೆಲಸ ಮುಗಿಸಿತು. ಖರ್ಚು ನೋಡಿದರೆ ಹುಲ್ಲು ಹರಡಿದ ಕೂಲಿ, ಹೆಚ್ಚಿನ ರೋಟಾವೇಟರ್, ಮಾರಿದ್ದರೆ ಬರುತ್ತಿದ್ದ ಹಣ, ಎಲ್ಲಾ ಸೇರಿ ಅರ್ಧ ಚೀಲದ ಉಳಿತಾಯಕ್ಕಿಂತ ಜಾಸ್ತಿಯೇ ಆಯಿತು ಮೊದಲ ವರ್ಷ. ಮಣ್ಣು ಮೆತ್ತಗಾದದ್ದು, ನೀರು ಸ್ವಲ್ಪ ಹೆಚ್ಚು ಹಿಡಿದದ್ದು ಅಣ್ಣನ ಅನುಭವ, ಅದಕ್ಕೆ ಬೆಲೆ ಕಟ್ಟಲು ನನ್ನ ಹತ್ತಿರ ಅಳತೆ ಇಲ್ಲ. ಮುಂದಿನ ಸಲ ಹುಲ್ಲು ಹರಡುವ ಸಾಮಾನು ಇರುವ ಮಷಿನ್ ಸಿಕ್ಕರೆ ಕೂಲಿ ಉಳಿಯುತ್ತದೆ, ಆಗ ಲೆಕ್ಕ ಬದಲಾಗುತ್ತದೆ.

ಹಾಗಾಗಿ ಹುಲ್ಲು ಮಾರಬೇಡಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಒಣಭೂಮಿಯ ದನಗಳಿಗೆ ಅದು ಬೇಕು, ರೈತನಿಗೆ ಕೈಗೆ ರೊಕ್ಕ ಬೇಕು. ಮಸಾರಿಯಲ್ಲಿ ಹುಲ್ಲು ಮಾರಿದರೆ ಆ ರೊಕ್ಕದಲ್ಲಿ ಮೊದಲು ಪೊಟ್ಯಾಷ್ ಚೀಲ ತನ್ನಿ ಅಂತ ಹೇಳುತ್ತೇನೆ. ಎರೆಯಲ್ಲಿ ವರದಿ 400 ತೋರಿಸುತ್ತಿದ್ದರೆ ಈಗಲೇ ಪೊಟ್ಯಾಷ್‌ಗೆ ರೊಕ್ಕ ಸುರಿಯುವ ಅವಸರ ಬೇಡ, ಮೂರು ವರ್ಷಕ್ಕೊಮ್ಮೆ ಮಣ್ಣು ನೋಡಿಕೊಳ್ಳಿ. ಸವಳು ಬಿದ್ದ, ಅಂದರೆ ಉಪ್ಪು ಏರಿದ ಕಡೆ ಇನ್ನೂ ಎಚ್ಚರ ಬೇಕು, ಕೆಂಪು ಪೊಟ್ಯಾಷ್ ಅಂದರೆ ಅದೂ ಒಂದು ಕ್ಲೋರೈಡ್ ಉಪ್ಪೇ.

ಲೀಜಿನ ನಾಲ್ಕು ಎಕರೆ

ಇಲ್ಲಿ ವಿಷಯ ಪೂರ್ತಿ ಬಗೆಹರಿದಿಲ್ಲ. ಲೀಜಿನ ಮಾತಿನಲ್ಲಿ ಹುಲ್ಲು ಮಾಲೀಕರದು. ಗೊಬ್ಬರ ಅಣ್ಣನದು. ಹುಲ್ಲು ಒಯ್ದರೆ ಎಕರೆಗೆ ಒಂದು ಚೀಲ ಪೊಟ್ಯಾಷ್ ನೀವು ಕೊಡಿ ಅಂತ ಅಣ್ಣ ಕೇಳಿದರು. "ಇಷ್ಟು ವರ್ಷ ಇಲ್ಲದ್ದು ಈಗ್ಯಾಕಪ್ಪ?" ಅಂದರು ಮಾಲೀಕರು. ಅವರಿಗೂ ಎಮ್ಮೆಗಳಿವೆ, ಹುಲ್ಲು ಬೇಕೇ ಬೇಕು. ಕೊನೆಗೆ ಇಬ್ಬರೂ ಒಪ್ಪಿದ್ದು ಕೊಯ್ಯುವ ಎತ್ತರಕ್ಕೆ. ಮಷಿನ್ ಒಂದು ಅಡಿ ಮೇಲೆ ಕೊಯ್ಯುವುದು, ಮೇಲಿನ ಹುಲ್ಲು ಮಾಲೀಕರಿಗೆ, ಕೂಳೆ, ಅಂದರೆ ಉಳಿದ ಬುಡ, ಹೊಲಕ್ಕೆ. ಭತ್ತದ ಕಾಂಡದ ಕೆಳಭಾಗದಲ್ಲಿ ಪೊಟ್ಯಾಷ್ ಚೆನ್ನಾಗಿರುತ್ತದೆ, ದನ ಇಷ್ಟಪಟ್ಟು ತಿನ್ನುವುದು ಮೇಲಿನದನ್ನೇ. ಬೇರೆ ಲೀಜಿನವರೂ ಇದನ್ನು ಮಾತಾಡಿ ನೋಡಬಹುದು. ಆದರೆ ಮುಂದಿನ ವರ್ಷ ಲೀಜ್ ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲದಾಗ ಮಣ್ಣಿಗೆ ಯಾರು ರೊಕ್ಕ ಹಾಕುತ್ತಾರೆ ಅನ್ನುವ ಪ್ರಶ್ನೆಗೆ ಇದರಲ್ಲಿ ಉತ್ತರ ಸಿಗಲಿಲ್ಲ.

ನಿಮ್ಮ ಹೊಲದಲ್ಲಿ ನೋಡಬೇಕೆನಿಸಿದರೆ ಮೇ ತಿಂಗಳಲ್ಲಿ, ಗೊಬ್ಬರ ಹಾಕುವ ಮೊದಲು ಮಣ್ಣು ತೆಗೆಯಿರಿ. ಎಂಟು ಹತ್ತು ಕಡೆ ಗೇಣುದ್ದ ಆಳಕ್ಕೆ ಅಗೆದು ಕಲಸಿ. ಎರೆ ಮಸಾರಿ ಬೇರೆ ಬೇರೆ ಚೀಲ. ಬದು, ಹಳೆ ತಿಪ್ಪೆ ಜಾಗ, ಹುಲ್ಲಿನ ಸಾಲು ಬಿದ್ದ ಜಾಗ ಬಿಡಿ, ಇಲ್ಲದಿದ್ದರೆ ವರದಿ ಸುಳ್ಳು ಹೇಳುತ್ತದೆ. ಆಮೇಲೆ ಮಡಿಯ ನಡುವೆ ಒಂದು ಪಟ್ಟಿಗೆ ಪೊಟ್ಯಾಷ್ ಬಿಟ್ಟು ಮೂಲೆಗೆ ಕಟ್ಟಿಗೆ ನೆಡಿ, ಆ ಪಟ್ಟಿಯ ಭತ್ತ ಬೇರೆ ತೂಕ ಹಾಕಿಸಿ. ಅಣ್ಣ ಎರೆಯಲ್ಲಿ ಪೊಟ್ಯಾಷ್ ಹಾಕಿದ ಪಟ್ಟಿಯನ್ನು ಹಾಗೇ ಮುಂದುವರಿಸುತ್ತಿದ್ದಾರೆ, ಉಳಿದ ಎರೆಗೂ ಅದಕ್ಕೂ ಯಾವ ಬೆಳೆಯಲ್ಲಿ ವ್ಯತ್ಯಾಸ ಕಾಣುತ್ತದೋ ಆ ಬೆಳೆಯಿಂದ ಎರೆಗೂ ಅರ್ಧ ಚೀಲ ಶುರು ಮಾಡುವುದು ಅಂತ ಈಗಲೇ ಮಾತಾಗಿದೆ.